‘ಅರವತ್ತಕ್ಕ ಅರಳು-ಮರಳು’ ಅನ್ನೋ ಮಾತು ಮೈಗೆ ಹತ್ತತೈತೇನ್ರಿ?

ಉಣಕಲ್ ದಂಡಿ (ಪ್ರಶ್ನೆ)
ನಮ್ಮವ್ವಗ 72. ‘ನಿನ್ನ ಕೈಲೆ ಆಗೂದಿಲ್ಲ, ಸುಮ್ನ ಕುಂದರವ್ವಾ’ ಅಂತ ಮನ್ಯಾಗ ಎಲ್ಲಾರೂ ಸೇರಿ ರೊಟ್ಟಿ ಬಡಿಯೋದು, ದುರ್ಗದಬೈಲಿಗೆ ಹೋಗಿ ಕಾಯಿಪಲ್ಲೆ ತರೋದು ಬಿಡಿಸೇವಿ. ವರ್ಷ ಆತು. ಈಗ ಕುರ್ಚಿಂದ ಏಳಾಕ ಕೈ ಊರತಾಳ, ಹೆಸರು ಮರೀತಾಳ, ‘ಅರಳು-ಮರಳು ಹತ್ತೇತಿ’ ಅಂತ ತಾನಽ ಅಂತಾಳ. ಇದು ವಯಸ್ಸೋ, ನಮ್ಮ ಮಾತಿನ ಪರಿಣಾಮೋ?

ಗದಗ ಫಿಜಿಯೋ
ಎರಡೂ ಕೂಡಿರಬಹುದು. ಅದಕ್ಕ ಮೊದಲು ಅಳತಿ ತಗೊಳ್ರಿ. ಹಿಡಿ ಇಲ್ಲದ, 17 ಇಂಚು ಎತ್ತರದ ಕುರ್ಚಿ ಗ್ವಾಡಿಗೆ ಆನಿಸಿ ಇಡ್ರಿ. ಕೈ ಎದಿ ಮ್ಯಾಲ ಕಟ್ಟಿಕೊಂಡು 30 ಸೆಕೆಂಡಿನ್ಯಾಗ ಎಷ್ಟು ಸಲ ಪೂರ್ತಿ ಎದ್ದು ಕುಂದರತಾರ ಎಣಿಸ್ರಿ. 70ರಿಂದ 74ರ ಹೆಣ್ಣಮಕ್ಕಳಿಗೆ 10ಕ್ಕಿಂತ ಕಮ್ಮಿ ಬಂದ್ರ ಬೀಳೋ ಅಪಾಯ ಐತಿ. ಕೈ ಊರಿದ್ರ ಲೆಕ್ಕ ಸೊನ್ನೆ.

ಕಮ್ಮಿ ಬಂತಂತ ಗಾಬರಿ ಬ್ಯಾಡ. ಕುರ್ಚಿ ಮ್ಯಾಲ ಕೌದಿ ಬಿಗಿಯಾಗಿ ಮಡಚಿ, ಜಾರದಂಗ ಕಟ್ಟಿ ಎತ್ತರ ಮಾಡ್ರಿ. 8 ಸಲ ಎದ್ದು ಕುಂದರೋದು, ಎರಡು ನಿಮಿಷ ದಮ್ಮು ತಗೊಂಡು ಮತ್ತ 8. ವಾರಕ್ಕ ಮೂರು ದಿನ, ನಡುವ ಒಂದು ದಿನ ಬಿಟ್ಟು. ಹಗುರ ಅನಿಸಿದ ಮ್ಯಾಲ ಒಂದು ಮಡಿಕಿ ತಗೀರಿ. ಎದಿನೋವು, ತಲಿ ತಿರುಗೋದು ಇದ್ರ ಮೊದಲು ಡಾಕ್ಟರಿಗೆ ತೋರಸ್ರಿ. ಮನಿಯವರು ತಪ್ಪೋದು ಇಲ್ಲೇ: ಕಂಕುಳಾಗ ಕೈ ಹಾಕಿ ಎತ್ತತಾರ. ರಟ್ಟಿ ನೋಯತೈತಿ, ತೊಡಿಗೆ ಕೆಲಸಽ ಇರೂದಿಲ್ಲ. 1990ರಾಗ ಪ್ರಕಟ ಆದ ಬಾಸ್ಟನ್ನಿನ ಅಧ್ಯಯನದಾಗ, 90ರ ಆಸುಪಾಸಿನ ನಿತ್ರಾಣಿಗಳಿಗೆ 8 ವಾರ ಭಾರ ಎತ್ತಿಸಿದಾಗ ತೊಡಿ ಬಲ ಸರಾಸರಿ 174% ಏರಿತ್ತು. ಬ್ಯಾರೆ ಪುರಾವೆ ಬೇಕೇನ್ರಿ?

ಸಪ್ತಾಪುರ ಬಾವಿ
ಮಾತು ಹತ್ತತದ, ಖರೇನ ಹತ್ತತದ. ‘ಇದು ನೆನಪಿನ ಪರೀಕ್ಷೆ’ ಅಂದ ಕೂಡಲೇ ವಯಸ್ಸಾದವರು ಅಂಜಿ ಕಮ್ಮಿ ಅಂಕ ತಗೋತಾರ ಅಂತ ಹಲವು ಪ್ರಯೋಗದಾಗ ಕಂಡದ. ಅಮೆರಿಕದ ಓಹಾಯೋದಾಗ 50 ದಾಟಿದ 660 ಮಂದಿಯನ್ನ ವರ್ಷಗಟ್ಟಲೆ ನೋಡಿದ ಮಾಹಿತಿ ಮ್ಯಾಲ ಸಂಶೋಧಕಿ ಬೆಕ್ಕಾ ಲೆವಿ ಮತ್ತವರ ಸಂಗಡಿಗರು ಬರೆದ 2002ರ ಲೇಖನದ ಪ್ರಕಾರ, ತಮ್ಮ ಮುಪ್ಪಿನ ಬಗ್ಗೆ ಒಳ್ಳೇ ಭಾವನಾ ಇದ್ದವರು ಸರಾಸರಿ 7.5 ವರ್ಷ ಹೆಚ್ಚು ಬದುಕಿದ್ರು.

ಆದ್ರ ಎಲ್ಲಾದ್ದಕ್ಕೂ ಮಾತನ್ನಷ್ಟೇ ಕಾರಣ ಮಾಡಬ್ಯಾಡ್ರಿ. ‘ವಯಸ್ಸಾತು’ ಅನ್ನೋದು ರೋಗದ ಹೆಸರಲ್ಲ. ಬಿ12, ಥೈರಾಯ್ಡ್, ಕಿವಿ ತಪಾಸಿಸ್ರಿ. ಮನಸ್ಸು ಕುಗ್ಗೇದೇನು ಕೇಳ್ರಿ. ನಿದ್ದಿ ಗುಳಿಗಿ, ನೆಗಡಿ ಗುಳಿಗಿ ಸೈತ ಮರವು ತರಬಹುದು, ಎಲ್ಲಾ ಚೀಟಿ ಒಯ್ಯಿರಿ. ಧಾರವಾಡದ ಡಿಮ್ಹಾನ್ಸ್‌ನ್ಯಾಗ (ಮಾನಸಿಕ ಆರೋಗ್ಯ, ನರರೋಗದ ಸರ್ಕಾರಿ ದವಾಖಾನಿ) ತೋರಿಸಬಹುದು. ಎರಡು-ಮೂರು ದಿನದಾಗ ದಿಢೀರನೆ ಗೊಂದಲ ಆದ್ರ ಮಾತ್ರ ಅವತ್ತೇ ದವಾಖಾನಿಗೆ ಹೋಗ್ರಿ. ಡಾಕ್ಟರ ಮುಂದ ಮೊದಲು ಅವ್ವನೇ ಮಾತಾಡಲಿ. ನೀವು ನಡುವ ಬಾಯಿ ಹಾಕಿದ್ರ ಅವರು ನಿಮಗಽ ಪ್ರಶ್ನೆ ಕೇಳ್ತಾರ, ಆಕಿ ಸುಮ್ನಾಗ್ತಾಳ.

ಉಣಕಲ್ ದಂಡಿ
ರೊಟ್ಟಿ ಕೆಲಸ ವಾಪಸ್ ಕೊಡೋದು ಹ್ಯಾಂಗ? ಒಲಿ ಹತ್ರ ಅಂಜಿಕಿ ಆಗತೈತಿ.

ಸಪ್ತಾಪುರ ಬಾವಿ
ದಿನಾ ಎರಡು ರೊಟ್ಟಿಯಿಂದ ಸುರು ಮಾಡ್ರಿ. ನಾದೋದು, ಬಡಿಯೋದು ಆಕಿ. ಹಂಚಿನ ಮ್ಯಾಲ ಹಾಕೋದು, ತಿರುವೋದು ವಾರದ ಮಟ್ಟಿಗೆ ನೀವು. ಸೆರಗು ಸಿಗಿಸಿರಲಿ. ಬಗಲಾಗ ನಿಂತು ‘ಸಾವಕಾಶ, ಸಾವಕಾಶ’ ಅನ್ನಬ್ಯಾಡ್ರಿ, ಆಕಿ ಹೆಚ್ಚಿದ ಬದನಿಕಾಯಿ ನೀವು ಮತ್ತೊಮ್ಮೆ ಹೆಚ್ಚಬ್ಯಾಡ್ರಿ. ಮೊದಲನೇ ರೊಟ್ಟಿ ಹರೀಬಹುದು. ಹಿಟ್ಟಿಗೆ ಹಾಕಿದ ನೀರು ಕುದ್ದಿರಲಿಲ್ಲಂದ್ರ ಇಪ್ಪತ್ತರ ಹುಡುಗಿ ಬಡಿದದ್ದೂ ಹರೀತದ.