‘ಜಾಕ್ ಕಟ್ಟಿದ ಮನೆ’ಯಂಥ ಹಾಡಿಗೆ ‘ಸರಪಳಿ ಪದ್ಯ’ ಎಂಬ ಹೆಸರು ಸಾಕೇ?

ಸರಣಿ ಹಂತಕರ ಸಿನಿಮಾಗಳಲ್ಲಿ ಶಿಶುಪ್ರಾಸಗಳು ಹೇಗೆ ಬಳಕೆಯಾಗಿವೆ ಎಂಬುದರ ಕುರಿತು ಬರೆಯುತ್ತಿದ್ದೇನೆ. ‘ಜಾಕ್ ಕಟ್ಟಿದ ಮನೆ’ ಎಂಬ ಇಂಗ್ಲಿಷ್ ಶಿಶುಪ್ರಾಸದಂಥ ಹಾಡುಗಳ ಪ್ರಕಾರಕ್ಕೆ ಕನ್ನಡದಲ್ಲಿ ಸರಿಯಾದ ಹೆಸರು ಬೇಕಾಗಿದೆ. ಸುಲಭವಾಗಿ ಕೈಗೆ ಸಿಗುವುದು ‘ಸರಪಳಿ ಪದ್ಯ’. ಆದರೆ ಸರಪಳಿಯಲ್ಲಿ ಒಂದು ಕೊಂಡಿ ಪಕ್ಕದ ಕೊಂಡಿಯನ್ನು ಹಿಡಿದರೆ ಸಾಕು, ಹಿಂದಿನದನ್ನು ಮರೆಯಬಹುದು. ಈ ಹಾಡಿನಲ್ಲಿ ಪ್ರತಿ ಹೊಸ ಸಾಲೂ ಅಲ್ಲಿಯವರೆಗಿನ ಅಷ್ಟನ್ನೂ ಹೊತ್ತುಕೊಂಡೇ ಬರಬೇಕು.

ಡೆನ್ಮಾರ್ಕಿನ ನಿರ್ದೇಶಕ ಲಾರ್ಸ್ ವಾನ್ ಟ್ರೈಯರ್ 2018ರಲ್ಲಿ ಇದೇ ಹೆಸರಿನ ಚಿತ್ರ ಮಾಡಿದಾಗ ನೆಚ್ಚಿಕೊಂಡದ್ದು ಈ ಹೊರೆಯನ್ನೇ ಎಂದು ನನ್ನ ಓದು. ಅಲ್ಲಿನ ಜಾಕ್ ಎಂಜಿನಿಯರ್, ವಾಸ್ತುಶಿಲ್ಪಿಯಾಗುವ ಹಂಬಲದವನು, ಕೊಲೆಗಾರ. ತನ್ನ ಕಥೆಯನ್ನು ಐದು ಘಟನೆಗಳಾಗಿ ಹೇಳುತ್ತಾನೆ. ಕಟ್ಟಲು ತೊಡಗಿದ ಮನೆಯನ್ನು ಮತ್ತೆ ಮತ್ತೆ ಕೆಡವುತ್ತಾನೆ. ಹೆಣಗಳನ್ನು ಮಾತ್ರ ಶೈತ್ಯಾಗಾರದಲ್ಲಿ ಕಾಪಿಟ್ಟಿರುತ್ತಾನೆ. ಕೊನೆಗೆ ಮನೆ ಏಳುವುದು ಅವುಗಳಿಂದಲೇ. ಮೂಲ ಹಾಡಿನಲ್ಲಿ ಇಲಿಯನ್ನು ಬೆಕ್ಕು ಕೊಲ್ಲುತ್ತದೆ, ಬೆಕ್ಕನ್ನು ನಾಯಿ ಕಾಡುತ್ತದೆ, ನಾಯಿಯನ್ನು ಹಸು ಕೊಂಬಿನಿಂದ ಎತ್ತಿ ಎಸೆಯುತ್ತದೆ. ಆಮೇಲೆ ಹಾಲು ಕರೆಯುವ ಹುಡುಗಿ ಬರುತ್ತಾಳೆ, ಮುತ್ತು, ಮದುವೆ ಎಂದು ಹಾಡು ಹೊರಳಿಕೊಳ್ಳುತ್ತದೆ. ಸಿನಿಮಾದ ಜಾಕ್‌ಗೆ ಆ ತಿರುವು ಸಿಗುವುದೇ ಇಲ್ಲ.

‘ಸರಪಳಿ’ ಎಂದರೆ ಬೇರೆ ಬಗೆಗಳೂ ಇದರೊಳಗೆ ಸೇರಿಬಿಡುತ್ತವೆ. ಅಗಾಥಾ ಕ್ರಿಸ್ಟಿಯ 1939ರ ಪತ್ತೇದಾರಿ ಕಾದಂಬರಿಗೆ (ಈಗ ‘ಆ್ಯಂಡ್ ದೆನ್ ದೇರ್ ವರ್ ನನ್’ ಎಂದು ಹೆಸರು) ಆಧಾರವಾದದ್ದು ಹತ್ತರಿಂದ ಒಂದೊಂದನ್ನೇ ಕಳೆಯುವ ಪ್ರಾಸ. ಫ್ರಿಟ್ಜ್ ಲಾಂಗ್ 1931ರಲ್ಲಿ ಮಾಡಿದ ‘ಎಂ’ ಚಿತ್ರದ ಆರಂಭದಲ್ಲಿ ಮಕ್ಕಳು ವೃತ್ತವಾಗಿ ನಿಂತು ಹಂತಕನ ಕುರಿತು ಹಾಡುವುದು ಆಟದಿಂದ ಒಬ್ಬೊಬ್ಬರನ್ನೇ ಹೊರಗೆ ಕಳಿಸುವ ಎಣಿಕೆಯ ಹಾಡು. ಇವೆರಡೂ ಕಳೆಯುತ್ತವೆ; ಜಾಕ್‌ನ ಹಾಡು ಕೂಡಿಸುತ್ತದೆ.

‘ಸಂಚಯ ಪದ್ಯ’ ಎನ್ನಬಹುದೇ? ಕವನ ಸಂಚಯದ ನೆನಪು ಬಂದು ಅರ್ಥ ದಾರಿ ತಪ್ಪುತ್ತದೆ. ಪೇರಿಸು ಎಂಬ ಕ್ರಿಯಾಪದದಿಂದ ‘ಪೇರಿಕೆ ಹಾಡು’ ಎಂದರೆ ಒಂದರ ಮೇಲೊಂದು ಏರುವ ಹೊರೆ ಕಣ್ಣಿಗೆ ಕಟ್ಟುತ್ತದೆ. ನನ್ನ ಒಲವು ಇದರ ಕಡೆಗೆ.

ಅನುವಾದದ ತೊಡಕು ಇನ್ನೊಂದು. ಇಂಗ್ಲಿಷಿನಲ್ಲಿ ಪ್ರತಿ ಚರಣವೂ ಜಾಕ್‌ನ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ; ಸಾವುಗಳೆಲ್ಲ ಕಟ್ಟಿದವನ ಲೆಕ್ಕಕ್ಕೆ ಸೇರುತ್ತವೆ. ಕನ್ನಡದ ಕೃದಂತಗಳಲ್ಲಿ (‘ಕಟ್ಟಿದ’, ‘ತಿಂದ’ ಎಂಬಂಥ ರೂಪಗಳಲ್ಲಿ) ಅದು ತಲೆಕೆಳಗಾಗುತ್ತದೆ: ‘ಜಾಕ್ ಕಟ್ಟಿದ ಮನೆಯಲ್ಲಿದ್ದ ಕಾಳನ್ನು ತಿಂದ ಇಲಿಯನ್ನು ಕೊಂದ ಬೆಕ್ಕು.’ ಕೊನೆಯಲ್ಲಿ ಉಳಿಯುವುದು ಬೆಕ್ಕು, ಜಾಕ್ ಅಲ್ಲ. ‘ಬೆಕ್ಕು ಕೊಂದಿತು ಇಲಿಯ, ಇಲಿ ತಿಂದಿತು ಕಾಳ, ಕಾಳಿದ್ದುದು ಮನೆಯಲ್ಲಿ, ಮನೆ ಕಟ್ಟಿದವನು ಜಾಕ್’ ಎಂದು ಒಡೆದರೆ ಜಾಕ್ ಕೊನೆಗೆ ಬರುತ್ತಾನೆ, ನಿಜ. ಆದರೆ ಒಂದೇ ಉಸಿರಿನ ವಾಕ್ಯ ಬಿಡಿ ಕೊಂಡಿಗಳಾಗಿ ಮತ್ತೆ ಸರಪಳಿಯೇ ಆಗುತ್ತದೆ.

ಜಾಕ್‌ನನ್ನು ಕೊನೆಯಲ್ಲಿಟ್ಟು ಹೊರೆಯನ್ನೂ ಉಳಿಸಿಕೊಂಡ ಕನ್ನಡ ರೂಪ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಪೂರ್ತಿ ಬರೆದು ತಿಳಿಸಿ. ‘ಪೇರಿಕೆ’ಯನ್ನು ಈ ಅರ್ಥದಲ್ಲಿ ಬಳಸಲು ಅಡ್ಡಿಯಿದ್ದರೆ ಅದನ್ನೂ ಹೇಳಿ.