46ನೇ ವಯಸ್ಸಿನಲ್ಲಿ ಸನ್ನದು ಸಿಕ್ಕಿದೆ, ಮೊದಲ ಕೆಲಸ ಸಿಗುತ್ತಿಲ್ಲ

ಸೈಟ್_ಎಂಜಿನಿಯರ್
ಎಲ್ಲರಿಗೂ ನಮಸ್ಕಾರ. 21 ವರ್ಷ ಸಿವಿಲ್ ಎಂಜಿನಿಯರ್ ಆಗಿದ್ದೆ, ಹೆಚ್ಚಾಗಿ ಸೇತುವೆ ಸೈಟುಗಳಲ್ಲಿ. ಕೆಲಸದ ಜೊತೆಗೇ ಕಾನೂನು ಓದಿದೆ, ಪರೀಕ್ಷೆ ಪಾಸಾಯಿತು, ವಕೀಲಿ ಸನ್ನದು ಕೈಯಲ್ಲಿದೆ. ಐದು ತಿಂಗಳಲ್ಲಿ 60ಕ್ಕೂ ಜಾಸ್ತಿ ಅರ್ಜಿ ಹಾಕಿದೆ, ಸಂದರ್ಶನಕ್ಕೆ ಕರೆದದ್ದು ಎರಡೇ ಕಡೆ. ಒಂದು ಕಡೆ 'ನಮ್ಮ ಸೀನಿಯರ್‌ಗಳೇ ನಿಮಗಿಂತ ಚಿಕ್ಕವರು, ಕಷ್ಟ ಆಗಲ್ವಾ' ಎಂದು ಕೇಳಿದರು. 'ಇಲ್ಲ' ಎಂದೆ. ಮಾತು ಅಲ್ಲಿಗೇ ಮುಗಿಯಿತು. ರೆಸ್ಯೂಮೆಯಲ್ಲಿ ಹಳೇ ಕೆಲಸವನ್ನು ಎರಡು ಸಾಲಿಗೆ ಇಳಿಸಿದ್ದೇನೆ, ಇಲ್ಲದಿದ್ದರೆ ವಯಸ್ಸೇ ಮೊದಲು ಕಣ್ಣಿಗೆ ಬೀಳುತ್ತೆ ಅಂತ. ಎಲ್ಲಿ ಎಡವುತ್ತಿದ್ದೇನೆ?

ಗುತ್ತಿಗೆ_ವ್ಯಾಜ್ಯ
ಆ ಎರಡು ಸಾಲಿನಲ್ಲೇ ಎಡವಿದ್ದೀರಿ ಸರ್. ನಾನು ನಿರ್ಮಾಣ ಗುತ್ತಿಗೆಗಳ ಆರ್ಬಿಟ್ರೇಷನ್ ಮಾಡುತ್ತೇನೆ, ಅಂದರೆ ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ನಡೆಯುವ ವ್ಯಾಜ್ಯಗಳು. ನಮ್ಮ ಹೆಚ್ಚಿನ ಜಗಳ 'ತಡ ಯಾರಿಂದ ಆಯಿತು' ಅನ್ನುವುದೇ. ಫಿಡಿಕ್ ಗುತ್ತಿಗೆ, ಅದೇ ನಿರ್ಮಾಣ ಕೆಲಸಕ್ಕೆ ಬಳಸುವ ಅಂತಾರಾಷ್ಟ್ರೀಯ ಮಾದರಿ ಗುತ್ತಿಗೆ, ನೋಡಿರುತ್ತೀರಿ ಅಲ್ವಾ? ಅದರ 1999ರ ಆವೃತ್ತಿಯಾದ ರೆಡ್ ಬುಕ್‌ನ 20.1ನೇ ಷರತ್ತಿನ ಪ್ರಕಾರ, ಕ್ಲೇಮಿಗೆ (ಹೆಚ್ಚಿನ ಸಮಯ ಅಥವಾ ಹಣದ ಬೇಡಿಕೆಗೆ) ಕಾರಣವಾದ ಸಂಗತಿ ಗುತ್ತಿಗೆದಾರನಿಗೆ ಗೊತ್ತಾದ, ಅಥವಾ ಗೊತ್ತಾಗಬೇಕಿದ್ದ ದಿನದಿಂದ 28 ದಿನದೊಳಗೆ ನೋಟೀಸ್ ಕೊಡಬೇಕು. ಕೊಡದಿದ್ದರೆ ಹೆಚ್ಚಿನ ಸಮಯವೂ ಇಲ್ಲ, ಹಣವೂ ಇಲ್ಲ. 2017ರ ಆವೃತ್ತಿಯಲ್ಲಿ ಕೆಲಸ ಕೊಟ್ಟವರ ಕ್ಲೇಮಿಗೂ ಇದೇ ಗಡುವು ಬಂತು. ಓದು ಮುಗಿಸಿ ನೇರವಾಗಿ ಬಂದ ಹುಡುಗರು ಈ ಷರತ್ತನ್ನು ಒಂದು ದಿನದಲ್ಲಿ ಕಲಿಯುತ್ತಾರೆ. ಆದರೆ ಡ್ರಾಯಿಂಗ್ ತಡವಾಗುತ್ತೆ ಅಂತ ಸೈಟಿನವರಿಗೆ ನಿಜವಾಗಿ ಯಾವ ದಿನ ಗೊತ್ತಾಯಿತು, ಅದು ಯಾವ ರಿಜಿಸ್ಟರಿನಲ್ಲಿ ಸಿಗುತ್ತೆ, ಆ ತಡ ಇಡೀ ಕೆಲಸವನ್ನು ಹಿಂದೆ ತಳ್ಳಿತಾ ಇಲ್ಲಾ ಒಂದು ಕಂಬವನ್ನು ಮಾತ್ರ ನಿಲ್ಲಿಸಿತಾ, ಇದೆಲ್ಲ ಅವರಿಗೆ ವರ್ಷಗಟ್ಟಲೆ ಹಿಡಿಯುತ್ತೆ. ನೀವು ಕೆಲಸದ ವೇಳಾಪಟ್ಟಿಯ ಬಾರ್ ಚಾರ್ಟ್ ನೋಡಿದ ಕೂಡಲೇ ಹೇಳುತ್ತೀರಿ. ಅದನ್ನು ಮುಚ್ಚಿಟ್ಟು ಸಿಕ್ಕಸಿಕ್ಕಲ್ಲಿ ಅರ್ಜಿ ಹಾಕಬೇಡಿ. ಇದೇ ಕೆಲಸ ಮಾಡುವ ಆರು ಕಚೇರಿ ಹುಡುಕಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಪತ್ರ ಬರೆಯಿರಿ.

ವಾರ್ಡಿನಿಂದ_ಕೋರ್ಟಿಗೆ
ನಾನು 18 ವರ್ಷ ನರ್ಸ್ ಆಗಿದ್ದವಳು, ಈಗ ವೈದ್ಯಕೀಯ ನಿರ್ಲಕ್ಷ್ಯದ ಕೇಸುಗಳನ್ನು ನೋಡುತ್ತೇನೆ. ಮೊದಲು ಸಿಕ್ಕಿದ್ದು ವಕೀಲೆಯ ಹುದ್ದೆ ಅಲ್ಲ. ರೋಗಿಗಳ ದಾಖಲೆ ಓದಿ ದಿನವಾರು ಟಿಪ್ಪಣಿ ಮಾಡುವ ನಾಲ್ಕು ತಿಂಗಳ ಕೆಲಸ. ಚಾರ್ಟಿನಲ್ಲಿ ಒಂದು ರಾತ್ರಿ ಆರು ಗಂಟೆ ಯಾರೂ ಬಿಪಿ ಬರೆದಿಲ್ಲ ಅನ್ನುವುದು ನನ್ನ ಕಣ್ಣಿಗೆ ಬಿತ್ತು, ಆಮೇಲೆ ಅವರು ನನ್ನನ್ನು ಬಿಡಲಿಲ್ಲ.

ಆದರೆ ಬರವಣಿಗೆಯಲ್ಲಿ ತುಂಬಾ ಕಷ್ಟಪಟ್ಟೆ. ಆಸ್ಪತ್ರೆಯಲ್ಲಿ ಆದದ್ದನ್ನು ಆದ ಕ್ರಮದಲ್ಲಿ ಬರೆದು ಅಭ್ಯಾಸ. ಇಲ್ಲಿ 'ನಮ್ಮ ವಾದ ಇದು' ಅಂತ ಮೊದಲ ಸಾಲಿನಲ್ಲೇ ಹೇಳಬೇಕು. ನನ್ನ ಮೊದಲ ಡ್ರಾಫ್ಟನ್ನು ನನಗಿಂತ 15 ವರ್ಷ ಚಿಕ್ಕವಳು ಪೂರ್ತಿ ತಿದ್ದಿ ಕೊಟ್ಟಳು. ಅವಳಿಂದಲೇ ಕಲಿತೆ. ಹಾಗಾಗಿ ಅರ್ಜಿಯ ಜೊತೆ ಎರಡು ಪುಟದ ಬರವಣಿಗೆ ಕಳಿಸಿ. ಹಳೇ ಕಂಪನಿಯ ಕಾಗದ ಮಾತ್ರ ಮುಟ್ಟಬೇಡಿ, ಗೋಪ್ಯತೆ ಕಾಯದವರನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಸಂದರ್ಶನ_ಮಾಡುವವಳು
ಮೊದಲ ಉತ್ತರ ಸರಿ, ಆದರೆ ಅದರಲ್ಲಿ ಒಂದು ಅಪಾಯ ಇದೆ. ಬರೀ ಎಂಜಿನಿಯರ್ ಅಂತ ತೋರಿಸಿಕೊಂಡರೆ ನಿಮ್ಮನ್ನು ಕ್ಲೇಮಿನ ಲೆಕ್ಕ ಹಾಕಲು ಕೂರಿಸುತ್ತಾರೆ, ವಾದ ಬರೆಯಲು ಬಿಡುವುದಿಲ್ಲ. ಸೇರುವ ಮೊದಲೇ 'ಡ್ರಾಫ್ಟಿಂಗ್ ಕೊಡ್ತೀರಾ, ಅದನ್ನು ಯಾರು ತಿದ್ದುತ್ತಾರೆ' ಎಂದು ಕೇಳಿ. ಹಳೇ ಕಂಪನಿ ಎದುರಾಳಿಯಾಗಿ ಬರಬಹುದಾದರೆ ಅದನ್ನೂ ನೀವೇ ಮೊದಲು ಹೇಳಿ.

ವಯಸ್ಸಿನ ಪ್ರಶ್ನೆ ನಾನೂ ಕೇಳುತ್ತೇನೆ. ಒಳಗೆ ಇರುವ ಅನುಮಾನ ಬೇರೆ: ಇವರು ಪುಟಕ್ಕೆ ನಂಬರ್ ಹಾಕುವ ಕೆಲಸಕ್ಕೂ ಕೂರುತ್ತಾರಾ, ಸಂಬಳ ಸಾಲದು ಅಂತ ವರ್ಷದೊಳಗೆ ಹಳೇ ಕೆಲಸಕ್ಕೆ ಹೋಗುತ್ತಾರಾ? ಇದಕ್ಕೆ 'ಇಲ್ಲ' ಸಾಲದು. ಚಿಕ್ಕವರೊಬ್ಬರು ನಿಮ್ಮ ತಪ್ಪು ತೋರಿಸಿದಾಗ ನೀವು ಏನು ಮಾಡಿದಿರಿ, ಅಂಥ ಒಂದು ಘಟನೆ ಹೇಳಿ. ಎಷ್ಟು ತಿಂಗಳು ಕಡಿಮೆ ಸಂಬಳದಲ್ಲಿ ಮನೆ ನಡೆಯುತ್ತೆ ಅಂತ ಮನೆಯವರ ಜೊತೆ ಲೆಕ್ಕ ಹಾಕಿದ್ದರೆ ಅದನ್ನೂ ಹೇಳಿ. ನಾನಾದರೆ ನಂಬುತ್ತೇನೆ.

ಸೈಟ್_ಎಂಜಿನಿಯರ್
ಎಲ್ಲರಿಗೂ ಮನಸಾರೆ ಧನ್ಯವಾದ. ಘಟನೆ ಇದೆ ಮೇಡಂ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗಿಯೊಬ್ಬಳು ಕಬ್ಬಿಣದ ಅಳತೆಯಲ್ಲಿ ನನ್ನ ತಪ್ಪು ಹಿಡಿದಳು, ಮರುದಿನದ ಕಾಂಕ್ರೀಟ್ ನಿಲ್ಲಿಸಿದೆ. ಇದನ್ನು ಸಂದರ್ಶನದಲ್ಲಿ ಹೇಳಬಹುದು ಅಂತ ಹೊಳೆದೇ ಇರಲಿಲ್ಲ. 28 ದಿನದ ನೋಟೀಸ್ ಬಗ್ಗೆಯೇ ಎರಡು ಪುಟ ಬರೆಯಲಾ? ಕಲ್ಪಿತ ಸೇತುವೆ, ಕಲ್ಪಿತ ತಾರೀಖು ಇಟ್ಟುಕೊಂಡು?

ಗುತ್ತಿಗೆ_ವ್ಯಾಜ್ಯ
ಅದನ್ನೇ ಬರೆಯಿರಿ. ಗುತ್ತಿಗೆದಾರನ ಪರ ಒಂದು ಪುಟ, ಎದುರಿನವರ ಪರ ಒಂದು ಪುಟ. ಎರಡನೆಯದು ಬರೆಯಲು ನಿಮಗೆ ಜಾಸ್ತಿ ಹೊತ್ತು ಬೇಕಾಗುತ್ತೆ, ಅದನ್ನೇ ಮೊದಲು ಶುರು ಮಾಡಿ.