‘ಲೈನ್ ಆಫ್ ಸೈಟ್’ಗೆ ದೃಷ್ಟಿರೇಖೆ ಸಾಕೇ? ಎಡೆ, ತೆರಪು: ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಅಣ್ಣನ ಮನೆ ನಮ್ಮಲ್ಲಿಂದ 5 ಕಿ.ಮೀ. ದೂರದ ಗುಡ್ಡೆಯಲ್ಲಿದೆ. ಅಲ್ಲಿಗೆ ಕೇಬಲ್ ಬರುವುದಿಲ್ಲ. ಹಾಗಾಗಿ ಎರಡೂ ಮನೆಯ ತಾರಸಿಯಲ್ಲಿ ಒಂದೊಂದು ಡಿಶ್ ಆಂಟೆನಾ ಎದುರುಬದುರು ಕಟ್ಟಿ, ವೈರ್‌ಲೆಸ್‌ನಲ್ಲಿ ಇಂಟರ್ನೆಟ್ ಹಾಯಿಸಿದ್ದೇವೆ. ನೋಡಿದವರು ‘ನಮಗೂ ಹೇಳಿಕೊಡಿ’ ಎನ್ನುತ್ತಿದ್ದಾರೆ. ಯಾವ ಸಾಮಾನು ಕೊಳ್ಳಬೇಕು, ಏನು ನೋಡಿ ಕೊಳ್ಳಬೇಕು ಎಂದು ಕನ್ನಡದಲ್ಲೊಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ರೇಡಿಯೊ, ಅರ್ಥಿಂಗ್, ಪಿಒಇ (ನೆಟ್‌ವರ್ಕ್ ವೈರಿನಲ್ಲೇ ಕರೆಂಟ್ ಕೊಡುವ ವ್ಯವಸ್ಥೆ) ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ, ಅಂಗಡಿಯಲ್ಲಿ ಕೇಳುವುದೂ ಹಾಗೇ ಅಲ್ವಾ? ಸಿಕ್ಕಿಬಿದ್ದಿರುವುದು ಎರಡು ಪದಗಳಲ್ಲಿ.

ಮೊದಲನೆಯದು ‘ಲೈನ್ ಆಫ್ ಸೈಟ್’, ಎಂದರೆ ಒಂದು ಆಂಟೆನಾದಿಂದ ಇನ್ನೊಂದಕ್ಕೆ ಅಡ್ಡಿಯಿಲ್ಲದ ನೇರ ನೋಟ. ಇದಕ್ಕೆ ‘ದೃಷ್ಟಿರೇಖೆ’ ಎಂದು ಬರೆದಿದ್ದೆ. ಆ ಪದ ನನ್ನನ್ನೇ ದಾರಿ ತಪ್ಪಿಸಿತು.

ಜನವರಿಯಲ್ಲಿ ಡಿಶ್ ಕಟ್ಟುವಾಗ ನಡೆದದ್ದು ಹೇಳುತ್ತೇನೆ. ಅಣ್ಣನ ತಾರಸಿ ಹತ್ತಿದ ಹುಡುಗ ಕನ್ನಡಿ ಹಿಡಿದು ಬಿಸಿಲನ್ನು ನಮ್ಮ ಕಡೆ ತಿರುಗಿಸಿದ. ಫೋನಿನಲ್ಲಿ ‘ತೋಜುಂಡಾ?’ ಎಂದು ಕೇಳಿದ. ತುಳುವಿನಲ್ಲಿ ‘ಕಾಣುತ್ತದಾ’ ಅಂತ. ನಡುವಿನ ಬೈಲಿನ ಅಡಿಕೆ ಮರಗಳ ತಲೆಯ ಮೇಲಿಂದ ಕನ್ನಡಿ ಫಳಕ್ಕೆಂದು ಹೊಳೆದದ್ದು ನನಗೆ ಕಂಡಿತು. ದೃಷ್ಟಿರೇಖೆ ಇದೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ನಾಲ್ಕೈದು ತಿಂಗಳು ಏನೂ ತೊಂದರೆ ಇರಲಿಲ್ಲ. ಜೂನ್ ಗಾಳಿ ಶುರುವಾಯಿತು ನೋಡಿ, ಅಡಿಕೆ ಮರದ ಮಂಡೆ ಅತ್ತಿತ್ತ ತೂಗಿದಾಗಲೆಲ್ಲ ಸಿಗ್ನಲ್ ಬೀಳತೊಡಗಿತು. ಮನೆಯವರೆಲ್ಲ ಮಳೆಯನ್ನು ಬೈದರು. ಮಳೆಯ ತಪ್ಪಲ್ಲ ಅದು. 5 ಗಿಗಾಹರ್ಟ್ಸ್ ಅಲೆಯನ್ನು ಇಷ್ಟು ದೂರಕ್ಕೆ ಮಳೆಹನಿ ಹೆಚ್ಚೇನೂ ತಡೆಯುವುದಿಲ್ಲ. ನೀರು ಹಿಡಿದ ಸೋಗೆ ಚೆನ್ನಾಗಿಯೇ ತಡೆಯುತ್ತದೆ.

ವಿಷಯ ಏನೆಂದರೆ, ರೇಡಿಯೊ ಅಲೆ ದಾರ ಎಳೆದ ಹಾಗೆ ಹೋಗುವುದಿಲ್ಲ. ನಮ್ಮಲ್ಲಿ ಬಾಳೆನಾರಿನಲ್ಲಿ ಕಟ್ಟಿ ತೂಗಹಾಕುವ ಸೌತೆಕಾಯಿ ಇದೆಯಲ್ಲ, ಆ ಆಕಾರದ ಜಾಗ ಅದಕ್ಕೆ ಬೇಕು. ಎರಡು ತುದಿ ಸಪೂರ, ಹೊಟ್ಟೆ ದಪ್ಪ. 5 ಕಿ.ಮೀ. ದೂರಕ್ಕೆ, 5.8 ಗಿಗಾಹರ್ಟ್ಸ್‌ನಲ್ಲಿ, ನಟ್ಟನಡುವೆ ಆ ಹೊಟ್ಟೆ ಗೆರೆಯಿಂದ ಸುತ್ತಲೂ 8 ಮೀಟರ್ ಇರುತ್ತದೆ. 2.4 ಗಿಗಾಹರ್ಟ್ಸ್ ಆದರೆ ಇನ್ನೂ ಜಾಸ್ತಿ, 12 ಮೀಟರಿಗೂ ಮೇಲೆ. ಅದರಲ್ಲಿ ಕನಿಷ್ಠ ನೂರಕ್ಕೆ 60 ಪಾಲು ಖಾಲಿ ಇರಬೇಕು ಎಂಬುದು ರೂಢಿಯ ಲೆಕ್ಕ. ಎಂದರೆ ಮರದ ತಲೆಗೂ ನೋಟದ ಗೆರೆಗೂ ನಡುವೆ ಸುಮಾರು 5 ಮೀಟರ್. ನಮಗೆ ಇದ್ದದ್ದು ಒಂದು ಮೊಳವೂ ಇಲ್ಲ! ಎರಡೂ ಕಡೆ ಜಿಐ ಪೈಪನ್ನು 5 ಮೀಟರ್ ಎತ್ತರಿಸಿದ ಮೇಲೆಯೇ ಸರಿಹೋಯಿತು.

ಈ ಜಾಗಕ್ಕೆ ಇಂಗ್ಲಿಷಿನಲ್ಲಿ ಫ್ರೆನೆಲ್ ಝೋನ್ ಎನ್ನುತ್ತಾರೆ. ಫ್ರೆನೆಲ್ (1788–1827) ಫ್ರಾನ್ಸಿನ ಭೌತವಿಜ್ಞಾನಿ, ದೀಪಸ್ತಂಭಗಳ ಲೆನ್ಸಿಗೂ ಅವರದೇ ಹೆಸರು. ಫ್ರೆಂಚಿನಲ್ಲಿ ನಡುವಿನ ‘ಸ್’ ಉಚ್ಚರಿಸುವುದಿಲ್ಲ, ಹಾಗಾಗಿ ‘ಫ್ರೆಸ್ನೆಲ್’ ಬೇಡ ಎಂದು ನನ್ನ ಅಭಿಪ್ರಾಯ. ಆದರೆ ತೋಟದವರಿಗೆ ‘ಫ್ರೆನೆಲ್ ವಲಯ’ ಎಂದರೆ ಏನು ತಿಳಿದೀತು? ನಮ್ಮ ಕಡೆ ‘ಎಡೆ’ ಎಂದರೆ ಜಾಗ, ಸಂದು. ಮಲೆಯಾಳದ ‘ಇಡ’ಕ್ಕೂ ಅದೇ ಅರ್ಥ. ‘ಎಡೆಬಿಡದೆ’ ಎಂಬಲ್ಲಿ ಎಲ್ಲ ಕನ್ನಡಿಗರಿಗೂ ಆ ಅರ್ಥ ಗೊತ್ತು. ‘ಅಲೆಗೆ ಎಡೆ ಬೇಕು’ ಎಂದರೆ ನಮ್ಮವರಿಗೆ ತಟ್ಟನೆ ಹೊಳೆಯುತ್ತದೆ. ಆದರೆ ಮೈಸೂರು ಕಡೆ ‘ಎಡೆ ಇಡುವುದು’ ಎಂದರೆ ಹಿರಿಯರಿಗೋ ದೇವರಿಗೋ ಬಡಿಸುವುದು. ಅಲ್ಲಿಯವರು ಓದಿದರೆ ಗೊಂದಲವಾದೀತೇ? ‘ತೆರಪು’ ಎಂಬ ಇನ್ನೊಂದು ಪದ ಇದೆ. ಅರ್ಥ ಸರಿಯಾಗಿ ಕೂರುತ್ತದೆ, ಆದರೆ ನಮ್ಮಲ್ಲಿ ಮಾತಿನಲ್ಲಿ ಕೇಳಿದ್ದು ಕಡಿಮೆ.

ಎರಡನೆಯದು ‘ಗೇನ್’, ಎಂದರೆ ಆಂಟೆನಾ ಸಿಗ್ನಲನ್ನು ಒಂದೇ ದಿಕ್ಕಿಗೆ ಎಷ್ಟು ಕೂಡಿಸುತ್ತದೆ ಎಂಬ ಅಳತೆ. ‘ಗಳಿಕೆ’ ಎಂದು ಬರೆದವರಿದ್ದಾರೆ. ಆ ಪದ ನೋಡಿ ಜನ ದೊಡ್ಡ ಡಿಶ್ ಕರೆಂಟನ್ನು ಜಾಸ್ತಿ ಮಾಡುತ್ತದೆ ಎಂದುಕೊಳ್ಳುತ್ತಾರೆ. ಡಿಶ್ ಏನನ್ನೂ ಗಳಿಸುವುದಿಲ್ಲ. ಟಾರ್ಚಿನ ಬೆಳಕನ್ನು ಒಂದೇ ಕಡೆ ಕೂಡಿಸಿದಂತೆ, ಇದ್ದದ್ದನ್ನೇ ಒಟ್ಟು ಮಾಡಿ ಕಳಿಸುತ್ತದೆ. ಗೇನ್ ಹೆಚ್ಚಿದಷ್ಟು ಕಿರಣ ಸಪೂರ, ಗುರಿ ಹಿಡಿಯುವುದು ಕಷ್ಟ. ‘ಒಟ್ಟಣೆ’ ಎಂದರೆ ಹೇಗೆ? ಅಥವಾ ಸುಮ್ನೆ ಗೇನ್ ಎಂದೇ ಬಿಡಲೇ?

ಕೈಪಿಡಿಯಲ್ಲಿ ಈ ವಾಕ್ಯ ಹೀಗಿದೆ: ‘ಎದುರಿನ ಡಿಶ್ ಕಂಡರೆ ಸಾಲದು, ನಡುವೆ 5 ಮೀಟರ್ ಎಡೆ ಇರಬೇಕು.’ ಧಾರವಾಡ, ಮೈಸೂರು, ಶಿವಮೊಗ್ಗ ಕಡೆಯವರು ಇದನ್ನು ಮನೆಯಲ್ಲಿ ಯಾರಿಗಾದರೂ ಓದಿಹೇಳಿ, ಅವರಿಗೆ ಏನು ಅರ್ಥವಾಯಿತು ಎಂದು ತಿಳಿಸುತ್ತೀರಾ?